ವೀರಣ್ಣನ ಕುಂಬಳದ ಬಿಯರ್

ನನ್ನ ಯಜಮಾನರು ವೀರಣ್ಣ ಕುಂಬಳಕಾಯಿಯ ಬಿಯರ್ ಮಾಡಲು ಹಿಡಿದದ್ದು ಲಾಕ್‌ಡೌನಿನ ವರ್ಷ, ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಮನೆಯ ಗರಾಜಿನಲ್ಲಿ. ಗದಗಿನ ಲಿಂಗವಂತರ ಮನೆಯವರು ನಾವು. ಸೆರೆಯ ವಾಸನೆ ಬಂದರೆ ರಸ್ತೆ ದಾಟಿ ಆ ಬದಿಗೆ ನಡೆದವರು. ಆದರೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧ ಕಂಪನಿಯಲ್ಲಿ ಈಸ್ಟ್ ಬೆಳೆಸುವುದೇ ನನ್ನ ಕೆಲಸ. "ನಿನ್ನ ಈಸ್ಟಿನ ವಿದ್ಯಾ ಮನ್ಯಾಗೂ ಒಂದೀಟು ಉಪಯೋಗ ಆಗ್ಲಿ, ಸಿದ್ದೇಶ್ವರಿ" ಎಂದು ಅವರು ನಗುತ್ತಿದ್ದರು. ಅವರು ಒಂದು ಗುಟುಕು ಕುಡಿಯುವರು. ನಾನು ನಾಲಿಗೆಗೆ ತಾಗಿಸಿ, ಸಿಂಕಿಗೆ ಉಗುಳಿ, ಬಾಯಿ ಮುಕ್ಕಳಿಸಿ, "ಚಕ್ಕೆ ಹೆಚ್ಚಾತು" ಎನ್ನುವೆ.

ಮೊದಲೆರಡು ವರ್ಷ ಅದು ರಾಡಿ ನೀರಿನಂತೆ ಬಂತು. ತಿಳಿಯಾಗುವ ಮೊದಲೇ ಶಿವ ಅವರನ್ನು ಕರೆದುಕೊಂಡ. ಅದನ್ನು ತಿಳಿ ಮಾಡಬೇಕು, ಬಾಟಲಿಯ ಮೇಲೆ ಅವರ ಹೆಸರು ಹಾಕಬೇಕು. ನನಗೆ ಉಳಿದದ್ದು ಇದೊಂದೇ ಆಸೆ.

ಅಡ್ಡಿಯಾದದ್ದು ಕುಂಬಳಕಾಯಿಯೇ, ಅವರಿದ್ದಾಗ ಅದನ್ನು ಅವರೇ ಒಡೆಯುತ್ತಿದ್ದರು. ಇಡೀ ಕುಂಬಳ ಎಂದರೆ ಮನೆಯ ಹಿರಿಮಗನಿದ್ದಂತೆ, ಹೆಂಗಸರು ಅದಕ್ಕೆ ಕತ್ತಿ ಇಡಬಾರದು ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಪಿಎಚ್‌ಡಿ ಮಾಡಿದರೂ ನನ್ನ ಕೈ ಮುಂದೆ ಹೋಗಲಿಲ್ಲ. ಪಕ್ಕದ ಮನೆಯ ರವಿಕಿರಣ್‌ನನ್ನು ಕರೆದೆ. ಮೈಸೂರಿನ ಹುಡುಗ, ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ. ಪ್ರತಿ ಸೆಪ್ಟೆಂಬರಿನಲ್ಲಿ ಬಂದು ಮೊದಲ ಏಟು ಹಾಕಿ, ಕೈ ತೊಳೆದು, ಚಹಾ ಕುಡಿದು ಹೋಗುತ್ತಿದ್ದ. ಉಳಿದದ್ದೆಲ್ಲ ನಾನೇ: ಒಲೆಯಲ್ಲಿ ಬೇಯಿಸಿ, ಮಸೆದು, ಮೊಳಕೆ ಬಾರ್ಲಿಯ ನುಚ್ಚಿನೊಂದಿಗೆ ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಕುದಿಸಿ, ಆರಿಸಿ, ಈಸ್ಟ್ ಬೆರೆಸಿ ಕಾಯುವುದು.

ಅವರು ಹೋದ ಮೇಲೆ ಮೂರನೆಯ ಸಲ ಮಾಡಿದಾಗ ಬಿಯರ್ ಜೇನಿನ ಬಣ್ಣಕ್ಕೆ ತಿಳಿಯಾಯಿತು. ಹೆಸರಿನ ಚೀಟಿ ಇನ್ನೂ ಅಚ್ಚಾಗಿರಲಿಲ್ಲ. ಉಪಕಾರಕ್ಕೆಂದು ಆರು ಬಾಟಲಿ ರವಿಕಿರಣ್‌ಗೆ ಕೊಟ್ಟೆ. ಅವನು ಅವನ್ನು, ಮನೆಯಲ್ಲೇ ಬಿಯರ್ ಮಾಡುವವರ ಹೋಂಬ್ರೂ ಕ್ಲಬ್ಬಿನ ಸ್ಪರ್ಧೆಗೆ ತನ್ನ ಹೆಸರಿನಲ್ಲಿ ಕಳಿಸಿದ. ಮೊದಲ ಬಹುಮಾನದ ನೀಲಿ ರಿಬ್ಬನ್ ಬಂತು. ದೀಪಾವಳಿಯ ಕೂಟದಲ್ಲಿ ಅದನ್ನು ಜುಬ್ಬಾಕ್ಕೆ ಸಿಕ್ಕಿಸಿಕೊಂಡು ತಿರುಗಿದ.

"ಏನಪ್ಪಾ ಇದು?" ಎಂದೆ.

"ಅಯ್ಯೋ ಅಕ್ಕಾ, ನೀವಂತೂ ಕುಡಿಯಲ್ಲ. ನಿಮ್ಮ ಹೆಸರು ಹಾಕಿದ್ರೆ ಬಸವ ಸಮಿತಿಯೋರು ಏನಂದ್ಕೋತಾರೆ? ನಿಮ್ಮನ್ನ ಸೇವ್ ಮಾಡಿದೀನಿ!" ಸುತ್ತಲಿದ್ದವರು ಕೇಳಲೆಂದು ಧ್ವನಿ ಏರಿಸಿದ. "ಅಲ್ದೆ ಕುಂಬಳ ಕಟ್ ಮಾಡಿದ್ದು ಯಾರು? ನಾನು ಬರದಿದ್ರೆ ಬಿಯರ್ ಎಲ್ಲಿತ್ತು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಲಿಂಗಪೂಜೆಗೆ ಕುಳಿತಾಗ ಪತ್ರೆ ಏರಿಸುವ ಕೈ ಶಾಂತವಾಗಿಯೇ ಇತ್ತು. ಶಿವನಲ್ಲಿ ಕ್ಷಮಾಗುಣ ಬೇಡಲಿಲ್ಲ, ತಾಳ್ಮೆ ಬೇಡಿದೆ. ಎರಡೂ ಒಂದೇ ಎಂದು ತಿಳಿದವರುಂಟು. ಅಲ್ಲ.

ಬಹಳ ದಿನ ಕಾಯಬೇಕಾಗಲಿಲ್ಲ. ಗೆದ್ದವರು ಎಲ್ಲರೆದುರು ಅದೇ ಬಿಯರನ್ನು ಮಾಡಿ ತೋರಿಸಬೇಕು, ಬೇರೆಯವರು ಕೈ ಹಚ್ಚುವಂತಿಲ್ಲ. ಇದು ಕ್ಲಬ್ಬಿನ ಪದ್ಧತಿ. ರವಿಕಿರಣ್ ಸಿಹಿ ಡಬ್ಬಿ ಹಿಡಿದು ಬಂದ. "ಅಕ್ಕಾ, ರೆಸಿಪಿ ಸ್ವಲ್ಪ ಬರ್ಕೊಡ್ತೀರಾ?"

ಬರೆದುಕೊಟ್ಟೆ. ತೂಕ, ಬಿಸಿ, ಹೊತ್ತು, ಎಲ್ಲ ನಿಜ. ಪೂಜೆ ಮಾಡುವ ಕೈಯಿಂದ ಸುಳ್ಳು ಬರೆಯಲಾರೆ. ಒಂದು ಸಾಲು ಮಾತ್ರ ಬರೆಯಲಿಲ್ಲ: ನುಚ್ಚಿನೊಡನೆ ಎರಡು ಬೊಗಸೆ ಭತ್ತದ ಹೊಟ್ಟು. ಹೊಟ್ಟಿಲ್ಲದಿದ್ದರೆ ಕುಂಬಳ ಗೋಡೆಗೆ ಮೆತ್ತುವ ಗಾರೆಯಂತಾಗುತ್ತದೆ, ರಸ ಕೆಳಗಿಳಿಯುವುದಿಲ್ಲ.

ಶನಿವಾರ ಅವನ ಡ್ರೈವ್‌ವೇಯಲ್ಲಿ ನಲವತ್ತು ಜನ ಕುರ್ಚಿ ಹಾಕಿ ಕುಳಿತರು. ನಾನು ಹಣೆತುಂಬ ವಿಭೂತಿ ಧರಿಸಿ ಮುಂದಿನ ಸಾಲಿನಲ್ಲಿದ್ದೆ. ಕ್ಲಬ್ಬಿನ ಹಿರಿಯ ಹ್ಯಾಂಕ್ ಪಾತ್ರೆಯೊಳಗೆ ಇಣುಕಿ, "ಹೊಟ್ಟು ಹಾಕುವುದಿಲ್ಲವೇ?" ಎಂದು ಕೇಳಿದ.

"ಅದೇ ನನ್ನ ಸೀಕ್ರೆಟ್" ಎಂದ ರವಿಕಿರಣ್, ಕಣ್ಣು ಹೊಡೆದು.

ಗಂಟೆಯ ನಂತರ ಪಾತ್ರೆಯ ಬುಡದ ನಲ್ಲಿ ತಿರುಗಿಸಿದ. ನಾಲ್ಕು ಹನಿ ಬಿದ್ದು ನಿಂತಿತು. ಸೌಟು ಹಾಕಿ ಕೆದಕಿದ, ಇನ್ನಷ್ಟು ಬಿಗಿಯಾಯಿತು. ಕೊಳವೆಗೆ ಬಾಯಿಟ್ಟು ಊದಿದ. ಅಂಬಲಿ ಚಿಮ್ಮಿ ಹೊಸ ಏಪ್ರನ್ನಿಗೆ ಮೆತ್ತಿತು. ಹೋದ ಸಲ ಅಷ್ಟು ತಿಳಿಯಾಗಿ ಹೇಗೆ ಇಳಿಸಿದೆ ಎಂದು ಹ್ಯಾಂಕ್ ಕೇಳಿದಾಗ ಅವನ ಕಣ್ಣು ನನ್ನತ್ತ ಹೊರಳಿತು. ಎಲ್ಲರ ಕಣ್ಣೂ ಹೊರಳಿದವು.

"ಅಕ್ಕಾ, ಪ್ಲೀಸ್, ಒಂದ್ನಿಮಿಷ ಬನ್ನಿ ಇಲ್ಲಿ."

"ನಾ ಯಾಕಪ್ಪಾ?" ಎಂದೆ. "ಹೋದ ಸಲ ಹೆಂಗ ಮಾಡಿದ್ದಿ, ಹಂಗ ಮಾಡು."

"ಏನಂದರು ಅವರು?" ಎಂದು ಹ್ಯಾಂಕ್ ಕೇಳಿದ. ರವಿಕಿರಣ್ ಏಪ್ರನ್ ಒರೆಸತೊಡಗಿದ. ಅವನ ಹೆಂಡತಿ ನಿಧಿ, ತಲೆ ತಗ್ಗಿಸಿಕೊಂಡೇ, ನನ್ನ ಮಾತನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು. ಆಮೇಲೆ ಒಬ್ಬೊಬ್ಬರಾಗಿ ಕುರ್ಚಿ ಮಡಚಿದರು. ಆ ಸದ್ದು ನನಗೆ ಗುಡಿಯ ಗಂಟೆಯಷ್ಟೇ ಹಿತವಾಗಿತ್ತು.

ಭಾನುವಾರ ನಿಧಿ ರಿಬ್ಬನ್ ತಂದು ಮೇಜಿನ ಮೇಲಿಟ್ಟಳು. "ಇವರು ನಿನ್ನೆಯಿಂದ ಊಟಾನೇ ಮಾಡಿಲ್ಲ ಆಂಟಿ. ನೀವು ಬಂದು ಒಂದು ಮಾತು 'ಪರವಾಗಿಲ್ಲ' ಅಂದ್ಬಿಟ್ರೆ..."

"ನಿನ್ನ ಮ್ಯಾಲೆ ಏನೂ ಸಿಟ್ಟಿಲ್ಲವ್ವಾ. ಆ ಮಾತು ಮಾತ್ರ ನನ್ನ ಬಾಯಾಗ ಬರೂದಿಲ್ಲ. ಬಿಯರ್ ಯಾರದು ಅಂತ ಅವನ ಕೈಯಿಂದ ಕ್ಲಬ್ಬಿನವರಿಗೆ ಬರದು ಕಳಸ್ಲಿ. ಮೊದಲ ನನಗ ತೋರಸ್ಲಿ."

ಸಂಜೆ ಇಮೇಲ್ ಕರಡು ಬಂತು. 'ವೀರಣ್ಣ ಅವರ ಸ್ಫೂರ್ತಿಯಿಂದ' ಎಂದಿತ್ತು. ಹಿಂದಕ್ಕೆ ಕಳಿಸಿದೆ. ಎರಡನೆಯದರಲ್ಲಿ 'ಸಿದ್ದೇಶ್ವರಿ ಅಕ್ಕನವರ ಸಹಾಯದಿಂದ' ಎಂದಿತ್ತು. ಹಿಂದಕ್ಕೆ ಕಳಿಸಿದೆ. ಮೂರನೆಯದರಲ್ಲಿ 'ತಪ್ಪು ತಿಳಿವಳಿಕೆ' ಎಂಬ ಪದ ಕಂಡಿತು. ಅದಕ್ಕೆ ಕೆಂಪು ಗೆರೆ ಎಳೆದು ಕಳಿಸಿದೆ.

ನಾಲ್ಕನೆಯದು ಸರಿಯಾಗಿತ್ತು: 'ಇದು ವೀರಣ್ಣನವರು ಶುರು ಮಾಡಿ ಅವರ ಹೆಂಡತಿ ಪೂರ್ತಿ ಮಾಡಿದ ಬಿಯರ್. ನಾನು ಕದ್ದೆ.' ಎರಡು ಸಲ ಓದಿದೆ. ಒಂದಕ್ಷರ ಬದಲಿಸುವಂತಿರಲಿಲ್ಲ.

ಆದರೂ ಮೂರು ದಿನ ಉತ್ತರ ಕೊಡದೆ ಇಟ್ಟೆ.