ಅಳದ ಕೂಸು, ಬಾಣಂತಿ ಸಾರು

ಯುನ್‌ಸೊಲ್ ಹೆತ್ತ ಕೂಸು ಅಳುತ್ತಿರಲಿಲ್ಲ. ಅತ್ತೆ ಮಾಲ್‌ಸೂನಳಿಗೆ ಅದೇ ದೊಡ್ಡ ಹೆಮ್ಮೆ.

"ಎಲ್ಲಾ ನನ್ನ ಸಾರಿನ ಗುಣ," ಎನ್ನುತ್ತಾ ದಿನಕ್ಕೆ ನಾಲ್ಕು ಬಟ್ಟಲು ಕಡಲಪಾಚಿ ಸಾರು ತಂದಿಡುತ್ತಿದ್ದಳು. ಬಾಣಂತಿಯ ಪಾಚಿಯನ್ನು ಮಡಚಬಾರದು, ಮುರಿಯಬಾರದು ಎಂಬುದು ಅಲ್ಲಿಯ ರೂಢಿ. ಆಳುದ್ದದ ಆ ಪಾಚಿಯನ್ನು ಮುದುಕಿ ದ್ವೀಪದ ಬಂಡೆಗಳಿಂದ ತಾನೇ ಕೊಯ್ದು ಒಣಗಿಸಿದ್ದಳು. ಬಟ್ಟಲಲ್ಲಿ ತುಸು ಉಳಿದರೆ ಸಾಕು, ಶುರು. "ಪಟ್ಟಣದೋಳಿಗೆ ಇದೆಲ್ಲಿ ರುಚಿಸುತ್ತೆ? ನಿನ್ನ ಎದೆ ನಂಬಿದ್ರೆ ಕೂಸಿಗೆ ಡಬ್ಬಿ ಹಾಲೇ ಗತಿ. ಕುಡಿ." ಗಂಡ ದೂರದ ಮೀನುಹಡಗಿನಲ್ಲಿದ್ದ. ಯುನ್‌ಸೊಲ್ ಮಾತನ್ನೂ ಸಾರನ್ನೂ ಒಟ್ಟಿಗೇ ನುಂಗುತ್ತಿದ್ದಳು.

ಹನ್ನೆರಡನೆಯ ದಿನ, ಹೆರಿಗೆಯಾದ ಮೊಕ್ಪೊ ಪಟ್ಟಣದ ಆಸ್ಪತ್ರೆಯಿಂದ ಫೋನ್ ಬಂತು. ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತದಲ್ಲಿ ಏನೋ ಏರುಪೇರು, ಕರೆತನ್ನಿ ಎಂದರು. ಬಾಣಂತಿ ಮನೆಯ ಗುರುತಾಗಿ ಬಾಗಿಲಿಗೆ ಕಟ್ಟಿದ ಹುಲ್ಲಿನ ಹಗ್ಗವನ್ನು ಇಪ್ಪತ್ತೊಂದು ದಿನ ದಾಟುವಂತಿಲ್ಲ ಎಂದು ಅತ್ತೆ ಪಟ್ಟು ಹಿಡಿದಳು.

"ಇಂಥ ಸಾಧು ಕೂಸನ್ನ ಸೂಜಿಗೆ ಕೊಡ್ತೀಯಾ? ನನ್ನ ಕುಮ್ರೆನೂ ಹೀಗೇ ಇದ್ಲು. ಒಂದಿನ ಕಾಟ ಕೊಡಲಿಲ್ಲ."

ಕುಮ್ರೆ ಮುದುಕಿಯ ಹಿರಿಮಗಳು. ನಲವತ್ತಾದರೂ ಹತ್ತರವರೆಗೆ ಎಣಿಸಲು ಬಾರದು; ಅಂಗಳದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾಳೆ. ಯುನ್‌ಸೊಲಳ ಕಣ್ಣು ಅಂಗಳದಿಂದ ಮಡಿಲ ಕೂಸಿನತ್ತ ಹೊರಳಿತು. ಆದರೂ ಆ ಹಗ್ಗ ದಾಟುವ ಧೈರ್ಯ ಬರಲಿಲ್ಲ.

ಇಪ್ಪತ್ತೆರಡನೆಯ ದಿನ ಕೂಸನ್ನೆತ್ತಿಕೊಂಡು ಅತ್ತೆ ಸೊಸೆ ಇಬ್ಬರೂ ದೋಣಿ ಹತ್ತಿದರು. ಡಾಕ್ಟರಮ್ಮ ಮೊದಲು ಕೇಳಿದ್ದೇ ಸಾರು ಎಷ್ಟು ಬಟ್ಟಲು ಎಂದು. ಪಾಚಿಯ ಅಯೋಡಿನ್ ಹೊಟ್ಟೆಯಿಂದ ಬಲು ಬೇಗ ರಕ್ತಕ್ಕೆ, ರಕ್ತದಿಂದ ಎದೆಹಾಲಿಗೆ ಇಳಿಯುತ್ತದೆ. ಅಷ್ಟೊಂದು ಒಮ್ಮೆಗೇ ಬಂದರೆ ಕೂಸಿನ ಥೈರಾಯ್ಡ್ ಗ್ರಂಥಿ ಕೆಲಸ ನಿಲ್ಲಿಸಿಬಿಡುತ್ತದೆ, ಕೂಸು ಅಳದೆ ಮಂಕಾಗಿರುವುದೂ ಅದಕ್ಕೇ ಎಂದು ಬಿಡಿಸಿ ಹೇಳಿದಳು.

"ಸಾರು ನಿಲ್ಲಿಸಿ, ಔಷಧಿ ಕೊಡಿ. ಸರಿಹೋಗ್ತಾಳೆ. ಇನ್ನೂ ತಡ ಮಾಡಿದ್ರೆ ಬುದ್ಧಿಗೇ ಪೆಟ್ಟು ಬೀಳ್ತಿತ್ತು."

ಮಾಲ್‌ಸೂನಳ ಮುಖ ಬಿಳಿಚಿಕೊಂಡಿತು. ಔಷಧಿ ತರುತ್ತೇನೆಂದು ಎದ್ದು ಹೋದಳು. ಹೋಗುವಾಗ ಸೊಸೆಯ ಕಿವಿಯಲ್ಲಿ, "ಕುಮ್ರೆ ಹಾಗಾಗಿದ್ದೂ ಇದರಿಂದ್ಲೇನಾ, ಕೇಳು," ಎಂದಳು. ಯುನ್‌ಸೊಲ್ ಕುಮ್ರೆಯ ವಿಷಯವನ್ನೆಲ್ಲ ಡಾಕ್ಟರಮ್ಮನಿಗೆ ಹೇಳಿ ಕೇಳಿದಳು.

"ಅದನ್ನ ಹೇಳೋಕಾಗಲ್ಲಮ್ಮ. ನೂರು ಕಾರಣ ಇರುತ್ತೆ, ಹೆರಿಗೇಲೇ ಆಗಿರಬಹುದು. ಆ ತಾಯಿ ತಲೇಲಿ ಈ ಹುಳ ಬಿಡಬೇಡಿ," ಎಂದಳು ಡಾಕ್ಟರಮ್ಮ.

ವಾಪಸ್ ದೋಣಿಯಲ್ಲಿ ಕೂಸು ಮುದುಕಿಯ ತೊಡೆಯ ಮೇಲಿತ್ತು. ಅರ್ಧ ದಾರಿ ಕಳೆದ ಮೇಲೆ ಅವಳು ಕೇಳಿದಳು.

"ಏನಂದ್ರು?"

ಅಷ್ಟು ಮೆತ್ತಗಿನ ದನಿಯನ್ನು ಯುನ್‌ಸೊಲ್ ಆ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಮುದುಕಿಯ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಇಪ್ಪತ್ತೆರಡು ದಿನ ನುಂಗಿದ ಸಿಟ್ಟು.

"ನಿಮ್ಮ ಸಾರಿಂದಲೇ ಅಂತೆ, ಅತ್ತೆ. ನೀವು ಕುಡಿದಿದ್ದಕ್ಕೇ ಕುಮ್ರೆ ಹಾಗಾಗಿದ್ದಂತೆ."

ಮಾಲ್‌ಸೂನ್ ಅಳಲಿಲ್ಲ. ಕೂಸನ್ನು ಸೊಸೆಯ ಮಡಿಲಿಗೆ ಮೆಲ್ಲಗೆ ಇಟ್ಟಳು. ಮುಟ್ಟಬಾರದ್ದನ್ನು ಮುಟ್ಟಿದವಳ ಹಾಗೆ ಎರಡೂ ಕೈ ಒರೆಸಿಕೊಂಡು ಎದ್ದು, ಆಚೆ ತುದಿಯ ಬೆಂಚಿಗೆ ಹೋಗಿ ಕೂತಳು.

ದ್ವೀಪ ಮುಟ್ಟಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಸುಳ್ಳು ಹೇಳಿದೆ ಎನ್ನಲು ಬೇಕಾದಷ್ಟು ಹೊತ್ತು. ಯುನ್‌ಸೊಲ್ ಕೂಸಿನ ಟೋಪಿ ಸರಿಮಾಡುತ್ತಾ ಕೂತಳು.