ಕಬ್ಬಿಣದ ಪಾದ

ಟಾರು ರಸ್ತೆಯ ಮೇಲೆ ಟಿಕ್ ಎಂಬ ಸದ್ದು ಬುನ್‌ಮಾನ ಕಿವಿಗೆ ಮೊದಲು ಬಿದ್ದದ್ದು ಅಕ್ಕಿಗಿರಣಿ ದಾಟಿದ ಮೇಲೆ. ಎಡಗಾಲು ಊರಿದರೆ ಸದ್ದಿಲ್ಲ, ಬಲಗಾಲು ಊರಿದರೆ ಟಿಕ್. ಶೂವಿನ ಅಟ್ಟೆಗೆ ಕಲ್ಲು ಕಚ್ಚಿಕೊಂಡಿರಬೇಕು ಅಂದುಕೊಂಡ. ಹನ್ನೊಂದು ದಿನದಿಂದ ನಡೆಯುತ್ತಿರುವವನಿಗೆ ಕಲ್ಲೂ ನೆಂಟನೇ. ಬಂದದ್ದು ಗೊತ್ತಾಗುವುದಿಲ್ಲ, ಹೋಗು ಎನ್ನುವ ಹಾಗಿಲ್ಲ.

ಮುಂದೆ ಪಿಕಪ್ ಗಾಡಿ ಆಮೆಯ ಹಾಗೆ ತೆವಳುತ್ತಿತ್ತು. ಅದರಲ್ಲಿ ಮೈಕು ಹಿಡಿದು ಕೂತಿದ್ದವರು ನಡಿಗೆಯ ಮುಖ್ಯಸ್ಥರಾದ ನಿವೃತ್ತ ಮೇಷ್ಟ್ರು ವಿರತ್. ಮೂವತ್ತು ವರ್ಷ ಮಕ್ಕಳ ಬಾಯಿ ಮುಚ್ಚಿಸಿದ್ದ ಮೇಷ್ಟ್ರಿಗೆ ಈಗ ತಮ್ಮ ಬಾಯಿ ಮುಚ್ಚುವುದೇ ಮರೆತುಹೋಗಿತ್ತು. ತಾಲ್ಲೂಕು ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರ ಬೇಕು, ಅದಕ್ಕಾಗಿ ನಲವತ್ತು ಜನ ಹದಿನಾರು ದಿನ ನಡೆಯುತ್ತಿದ್ದಾರೆ, ಕೈಲಾದಷ್ಟು ಕೊಟ್ಟು ಪುಣ್ಯ ಕಟ್ಟಿಕೊಳ್ಳಿ ಎಂದು ಗದ್ದೆಯ ಕೊಕ್ಕರೆಗಳಿಗೂ ಕೇಳುವಂತೆ ಸಾರುತ್ತಿದ್ದರು. ಕೊನೆಗೆ ದನಿ ತಗ್ಗಿಸಿ ಹೇಳುವ ಮಾತು ಒಂದಿತ್ತು. "ನಮ್ಮ ಜೊತೆ ಕಬ್ಬಿಣದ ಪಾದದ ಬುನ್‌ಮಾ ದೊಡ್ಡಪ್ಪನೂ ಇದಾರೆ. ಇಷ್ಟು ದಿನದಲ್ಲಿ ಒಂದ್ಸಲ ಅಯ್ಯೋ ಅಂದಿಲ್ಲ."

ಅದು ಸುಳ್ಳಲ್ಲ. ತೊಂದರೆ ಇದ್ದದ್ದೇ ಅಲ್ಲಿ.

ಪ್ರತಿ ಸಂಜೆ ಯಾವುದಾದರೂ ಊರಿನ ವಿಹಾರದ ಜಗಲಿಯಲ್ಲಿ ನಡಿಗೆಯವರು ಗೋಡೆಗೆ ಕಾಲೆತ್ತಿ ಸಾಲಾಗಿ ಮಲಗುತ್ತಿದ್ದರು, ಒಣಗಲು ಹಾಕಿದ ಮೀನಿನ ಹಾಗೆ. ಸಮ್ಲಿ ಸೂಜಿ, ದಾರ, ಔಷಧಿ ಹಿಡಿದು ಒಂದೊಂದೇ ಪಾದದ ಮುಂದೆ ಕೂತು ಗುಳ್ಳೆ ಒಡೆಯುತ್ತಿದ್ದಳು. ಅವಳು ಬುನ್‌ಮಾನ ಊರಿನವಳೇ, ಅಲ್ಲಿಯ ಆರೋಗ್ಯ ಕಾರ್ಯಕರ್ತೆ. ಅವರ ಭಾಷೆಯಲ್ಲಿ ಅವಳ ಹೆಸರಿಗೆ ಹತ್ತಿ ಎಂದು ಅರ್ಥ, ಆದರೆ ಅವಳನ್ನು ಹತ್ತಿಕ್ಕಿದವರು ಇನ್ನೂ ಹುಟ್ಟಿರಲಿಲ್ಲ. ಅವಳ ಸೂಜಿಯ ಮುಂದೆ ಕಾರ್ಖಾನೆ ಮಾಲೀಕನೂ ಅಮ್ಮಾ ಎನ್ನುತ್ತಿದ್ದ, ಪೊಲೀಸಿನವನೂ ಅಮ್ಮಾ ಎನ್ನುತ್ತಿದ್ದ. ಬುನ್‌ಮಾ ಮಾತ್ರ ಆ ಹೊತ್ತಿಗೆ ಸರಿಯಾಗಿ ಸ್ನಾನಕ್ಕೆ ಹೋಗಿರುತ್ತಿದ್ದ. ಬರುವಾಗ ಕಾಲಿಗೆ ಸಾಕ್ಸ್ ಏರಿರುತ್ತಿತ್ತು. ಎಲ್ಲರಿಗೂ ಮುಖದರ್ಶನ ಕೊಡುತ್ತಿದ್ದ, ಪಾದದರ್ಶನ ಯಾರಿಗೂ ಇಲ್ಲ.

ಐದನೆಯ ದಿನಕ್ಕೆ ಜನರೇ ಕಾರಣ ಕಂಡುಹಿಡಿದರು. ಅವನ ಕೊರಳಲ್ಲಿ ಮಣ್ಣಿನ ಬುದ್ಧನ ಪದಕವಿತ್ತು, ತೀರಿಹೋದ ಹಿರಿಯ ಭಿಕ್ಷುವೊಬ್ಬರು ಕೊಟ್ಟದ್ದು. ಅದನ್ನು ಹಾಕಿಕೊಂಡವನ ಚರ್ಮಕ್ಕೆ ಕತ್ತಿ ತಾಗದು, ಮುಳ್ಳು ನಾಟದು ಎಂದರು. ಬುನ್‌ಮಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಸುಮ್ಮನೆ ನಕ್ಕ. ಇಪ್ಪತ್ತೆರಡು ವರ್ಷ ಶಾಲೆಯ ವ್ಯಾನು ಓಡಿಸಿದವನು. ಅಷ್ಟು ವರ್ಷವೂ ಮಕ್ಕಳು ವ್ಯಾನ್ ಬಂತು ಎನ್ನುತ್ತಿದ್ದರೇ ಹೊರತು ಬುನ್‌ಮಾ ಬಂದ ಎಂದವರಿಲ್ಲ. ಈಗ ಊರೂರಲ್ಲಿ ಜನ ಕೈಮುಗಿದು ಹೆಸರು ಹಿಡಿದು ಕರೆಯುತ್ತಿದ್ದರು.

ಸಮ್ಲಿಯ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಬೇರೆಯೇ ಮಾತಿತ್ತು. ಮೂರು ವರ್ಷದ ಹಿಂದೆ ಬೆರಳು ಚುಚ್ಚಿ, ಸಕ್ಕರೆ ಕಾಯಿಲೆ ಎಂದು ಬರೆದಿದ್ದಳು. ಅವನು ನಾಲ್ಕು ತಿಂಗಳು ಮಾತ್ರೆ ನುಂಗಿದ. ಆಮೇಲೆ ಅಮೃತಬಳ್ಳಿ ಕಷಾಯಕ್ಕೆ ಇಳಿದ. ಕಹಿ ಒಳಗೆ ಬಂದರೆ ಸಿಹಿ ತಾನಾಗಿ ಹೊರಗೆ ನಡೆಯುತ್ತದೆ ಎಂಬುದು ಅವನ ವೈದ್ಯಶಾಸ್ತ್ರ.

ಮಳೆಮರದ ನೆರಳಿನಲ್ಲಿ ಹತ್ತು ನಿಮಿಷ ವಿರಾಮ ಸಿಕ್ಕಿತು. ಬುನ್‌ಮಾ ಗುಂಪಿನಿಂದ ಸ್ವಲ್ಪ ದೂರ ಕೂತು ಬಲಗಾಲನ್ನು ತೊಡೆಯ ಮೇಲೆ ತಿರುಗಿಸಿಕೊಂಡ. ಕಲ್ಲಿರಲಿಲ್ಲ. ಅಟ್ಟೆಯ ನಡುವೆ ಮೊಳೆಯೊಂದರ ಚಪ್ಪಟೆ ತಲೆ ಬೆಳ್ಳಗೆ ಹೊಳೆಯುತ್ತಿತ್ತು. ಗಿರಣಿಯ ಹತ್ತಿರ ಮುರಿದ ಹಲಗೆಗಳ ರಾಶಿ ದಾಟಿ ಬಂದದ್ದು ನೆನಪಾಯಿತು. ಲಾಡಿ ಬಿಚ್ಚಿ ಶೂ ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಶೂವಿನ ಜೊತೆ ಪಾದವೂ ಬಂತು, ಎರಡನ್ನೂ ಸೇರಿಸಿ ಮೊಳೆ ಹೊಡೆದ ಹಾಗೆ. ಅಟ್ಟೆಯಲ್ಲಿ ಮೊಳೆಯ ತಲೆ ಮಿಸುಕಿದ್ದು ಕಣ್ಣಿಗೆ ಕಂಡಿತು. ಕಾಲಿನಿಂದ ಮಾತ್ರ ಸುದ್ದಿ ಬರಲಿಲ್ಲ.

ನೋವಾಗಿದ್ದರೆ ಚೀರಬಹುದಿತ್ತು. ನೋವಾಗಲಿಲ್ಲ ಎಂದು ಯಾರಾದರೂ ಚೀರುವುದುಂಟೇ? ಕಬ್ಬಿಣದ ಪಾದದಲ್ಲಿ ಈಗ ನಿಜವಾಗಿಯೂ ಕಬ್ಬಿಣವಿತ್ತು.

ಲಾಡಿ ಕಟ್ಟಿದ. ಮೂರು ಕಿಲೋಮೀಟರು ದೂರದ ಬಾನ್ ನೋಂಗ್ ಫಾಯ್‌ನಲ್ಲಿ ಜನ ಅವನಿಗಾಗಿಯೇ ಕಾದಿದ್ದರು, ಬೆಳಗಿನಿಂದ ಮೇಷ್ಟ್ರು ಅದನ್ನೇ ಹೇಳುತ್ತಿದ್ದರು. ಆ ಊರು ದಾಟಲಿ, ಆಮೇಲೆ ಸಮ್ಲಿಗೆ ಹೇಳುತ್ತೇನೆ ಅಂದುಕೊಂಡ. ನೂರು ಹೆಜ್ಜೆ ಹೋಗುವಷ್ಟರಲ್ಲಿ, ಇವತ್ತು ಕಳೆಯಲಿ ಅನ್ನಿಸಿತು. ಇನ್ನೂರು ಹೆಜ್ಜೆಗೆ, ಇನ್ನು ಐದೇ ದಿನ ತಾನೇ ಅನ್ನಿಸಿತು. ಟಿಕ್. ಟಿಕ್.

ಸಮ್ಲಿ ಹಿಂದಿನಿಂದ ಬಂದು ಅವನ ಪಕ್ಕಕ್ಕೆ ಸೇರಿದಳು.

"ಏನಣ್ಣ ಅದು, ಟಿಕ್ ಟಿಕ್ ಅಂತ?"

"ಕಲ್ಲು."

"ತೆಗೀಬಾರ್ದಾ?"

"ಇರ್ಲಿ ಬಿಡು. ಪಾಪ, ಅದಕ್ಕೂ ಪುಣ್ಯ ಬೇಡ್ವಾ? ಜೊತೇಲಿ ಬರ್ಲಿ."

ಸುತ್ತಲಿನವರು ನಕ್ಕರು. ಸಮ್ಲಿ ನಗಲಿಲ್ಲ. ಬುನ್‌ಮಾ ಬೇಗ ನಡೆದ, ಸದ್ದೂ ಬೇಗ ನಡೆಯಿತು. ರಸ್ತೆ ಬಿಟ್ಟು ಅಂಚಿನ ಹುಲ್ಲಿಗೆ ಇಳಿದ, ಸದ್ದು ನಿಂತಿತು. ಅವಳೂ ಹುಲ್ಲಿಗೆ ಇಳಿದಳು.

"ನಲವತ್ತು ಜನ ಅಂದ್ರೆ ಎಂಬತ್ತು ಪಾದ ಅಣ್ಣ. ನಾನು ನೋಡಿರೋದು ಎಪ್ಪತ್ತೆಂಟೇ."

"ಸಂಜೆ ತೋರಿಸ್ತೀನಿ ಮಾರಾಯ್ತಿ."

"ಹತ್ತು ಸಂಜೆ ಆಯ್ತು."

ಅವನು ಸಾಕ್ಸ್ ಒದ್ದೆಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಬೆರಳು ಮಡಿಸಿ ನೋಡಿದ. ಮಡಿಸಿದವೋ ಇಲ್ಲವೋ, ಅದೂ ತಿಳಿಯಲಿಲ್ಲ. ಎದುರಿಗೆ ಊರಿನ ಕಮಾನು ಕಂಡಿತು.

ಬಾನ್ ನೋಂಗ್ ಫಾಯ್‌ನವರು ಅಂಟು ಅಕ್ಕಿಯ ಅನ್ನ, ಸುಟ್ಟ ಕೋಳಿ, ಮಂಜುಗಡ್ಡೆ ಹಾಕಿದ ಕೆಂಪು ಶರಬತ್ತು ಇಟ್ಟುಕೊಂಡು ನಿಂತಿದ್ದರು. ಆದರೆ ಯಾರ ಕಣ್ಣೂ ಕೋಳಿಯ ಮೇಲಿರಲಿಲ್ಲ. ರಸ್ತೆಯ ಉದ್ದಕ್ಕೂ ಬಿಳಿ ಬಟ್ಟೆಗಳ ಸಾಲು ಹಾಸಿತ್ತು, ಒಂದೊಂದು ಬಟ್ಟೆಯ ಪಕ್ಕ ಒಬ್ಬೊಬ್ಬರು ಮೊಣಕಾಲೂರಿ ಕೂತಿದ್ದರು. ಭಿಕ್ಷುಗಳು ತುಳಿಯಲೆಂದು ಹಾಸಿ, ಆಮೇಲೆ ಮಡಿಸಿ ಮನೆಯಲ್ಲಿ ಜೋಪಾನ ಮಾಡುವಂಥ ಬಟ್ಟೆ. ಮೊದಲ ಊರಿನಲ್ಲಿ ಹೀಗೆ ಹಾಸಿದಾಗ, ಬೇಡ, ನಾನು ವ್ಯಾನ್ ಡ್ರೈವರು ಎಂದು ಬುನ್‌ಮಾ ಹಿಂದೆ ಸರಿದಿದ್ದ. ಮೂರನೆಯ ಊರಿನ ಹೊತ್ತಿಗೆ ಸರಿಯುವುದನ್ನು ಬಿಟ್ಟಿದ್ದ. ಶೂ ಬಿಚ್ಚಬಾರದು, ದಾರಿಯ ದೂಳೇ ಬಟ್ಟೆಗೆ ಹತ್ತಬೇಕು ಎಂಬುದು ಜನರೇ ಮಾಡಿಕೊಂಡ ಕಾನೂನು. ಅದೊಂದು ಅವನನ್ನು ಈವರೆಗೆ ಉಳಿಸಿತ್ತು.

ಮೇಷ್ಟ್ರು ಗಾಡಿಯಿಂದ ಇಳಿದು ಮೈಕಿನೊಂದಿಗೆ ಅವನ ಪಕ್ಕ ನಡೆದರು. ಮೊದಲ ಬಟ್ಟೆಯ ಮೇಲೆ ದೂಳು ಮೂಡಿತು. ಎರಡನೆಯದರಲ್ಲಿ ದೂಳಿನ ನಡುವೆ ಒಂದು ಒದ್ದೆ ಕಲೆ. ಕಪ್ಪು ಟಾರು ಬಚ್ಚಿಟ್ಟಿದ್ದನ್ನು ಮೂರನೆಯ ಬಟ್ಟೆ ಬಯಲು ಮಾಡಿತು. ಕೆಂಪು.

ಆ ಬಟ್ಟೆಯ ಮುದುಕಿ ಮುಗಿದ ಕೈ ಹಾಗೇ ಹಿಡಿದು ನೋಡಿದಳು. ಬುನ್‌ಮಾನ ಎದೆ ಎಷ್ಟು ಜೋರಾಗಿ ಬಡಿಯಿತೆಂದರೆ ಮೈಕಿಗೆ ಕೇಳಿಸೀತು ಎಂದು ಹೆದರಿದ. ಈಗ ಕೇಳುತ್ತಾರೆ, ಈಗ ಶೂ ಬಿಚ್ಚು ಅನ್ನುತ್ತಾರೆ.

ಹಿಂದಿನಿಂದ ಒಬ್ಬ ಬಾಗಿ ಬಟ್ಟೆ ನೋಡಿ, "ಏಳು" ಎಂದ.

ಏಳಲ್ಲ, ಅದು ಒಂದು, ಬಾಲ ನೋಡು ಎಂದು ಇನ್ನೊಬ್ಬ ತಿದ್ದಿದ. ನಾಡಿದ್ದು ಲಾಟರಿ. ಬಾಳೆಗಿಡ ಅವಳಿ ಗೊನೆ ಬಿಟ್ಟರೆ ಅದರಲ್ಲೂ ನಂಬರು ಹುಡುಕುವ ಊರಿಗೆ ಕಬ್ಬಿಣದ ಪಾದವೇ ಬಂದು ಕೆಂಪಕ್ಷರದಲ್ಲಿ ಬರೆದುಕೊಟ್ಟರೆ ಬಿಟ್ಟಾರೆಯೇ? ಫೋನುಗಳು ಮೇಲೆದ್ದವು. ರಕ್ತ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ಎಷ್ಟು ಎಂದು ಮಾತ್ರ ಕೇಳಿದರು. ಎರಡು ಅಂಕೆ ಇತ್ಯರ್ಥವಾದವು, ಮೂರನೆಯದು ಮಸುಕು. ಮುದುಕಿಯನ್ನು ಪಕ್ಕಕ್ಕೆ ಸರಿಸಿ ಯಾರೋ ಹೊಸ ಬಟ್ಟೆ ಹಾಸಿದರು. ಇನ್ಯಾರೋ ಬಹಳ ಮರ್ಯಾದೆಯಿಂದ ಅವನ ಮೊಣಕಾಲಿನ ಹತ್ತಿರ ಬಾಗಿದರು.

"ಇನ್ನೊಂದ್ಸಲ ಇಡಿ ದೊಡ್ಡಪ್ಪ. ಸ್ವಲ್ಪ ಒತ್ತಿ ಇಡಿ."

ಸಮ್ಲಿ ಜನರನ್ನು ತಳ್ಳಿಕೊಂಡು ಬರುತ್ತಿದ್ದಳು, ಅವರು ದಾರಿ ಬಿಡುತ್ತಿರಲಿಲ್ಲ. ಬುನ್‌ಮಾ ಕಾಲೆತ್ತಿದ. ಎತ್ತಿದ ಕಾಲಿನಿಂದ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಯಾರದೋ ಮನೆಯ ನಲ್ಲಿ ಸೋರುವುದನ್ನು ನೋಡುವ ಹಾಗೆ ನೋಡಿದ. ಆಗ ಹುಟ್ಟಿದ ಹೆದರಿಕೆಗೆ ಊರು, ಮೇಷ್ಟ್ರು, ಹೆಸರು ಎಲ್ಲ ಚಿಕ್ಕದಾಗಿ ಹೋದವು. ಇದು ನನ್ನ ಕಾಲು, ಮತ್ತು ಇದು ನನ್ನ ಜೊತೆ ಮಾತು ಬಿಟ್ಟಿದೆ.

ಅವನು ಬಟ್ಟೆಯ ಮೇಲೆ ಕಾಲಿಡಲಿಲ್ಲ. ನಡುರಸ್ತೆಯಲ್ಲಿ ಕುಸಿದು ಕೂತ.

"ಸಮ್ಲಿ, ಮೊಳೆ ಹೊಕ್ಕಿದೆ. ಗಿರಣಿ ಹತ್ರದಿಂದ ಇದೆ. ನಂಗೆ ಗೊತ್ತೇ ಆಗ್ಲಿಲ್ಲ."

ಮೈಕು ಅವನ ಬಾಯಿಯ ಹತ್ತಿರವೇ ಇದ್ದುದರಿಂದ ಇಡೀ ಊರಿಗೆ ಕೇಳಿಸಿತು. ಮೇಷ್ಟ್ರು ಒಂದು ಕ್ಷಣ ತಡವರಿಸಿ, ಮೊಳೆ ಹೊಕ್ಕರೂ ನೋವಿಲ್ಲ, ಪದಕದ ಮಹಿಮೆ ನೋಡಿ ಎಂದು ಶುರು ಮಾಡಿದರು. ಬುನ್‌ಮಾ ಅವರ ಮಣಿಕಟ್ಟು ಹಿಡಿದ.

"ಪದಕ ಅಲ್ಲ ಮೇಷ್ಟ್ರೇ. ಸಕ್ಕರೆ ಕಾಯಿಲೆ. ಕಾಲಿಗೆ ಜೀವ ಇಲ್ಲ."

ಹನ್ನೊಂದು ದಿನದಲ್ಲಿ ಮೊದಲ ಸಲ ಮೇಷ್ಟ್ರು ಮೈಕು ಆರಿಸಿದರು.

ಸಮ್ಲಿ ಕತ್ತರಿಯಿಂದ ಶೂವಿನ ಮೇಲ್ಭಾಗ ಕತ್ತರಿಸಿದಳು. ಮೊಳೆಯನ್ನು ಕೀಳಲಿಲ್ಲ, ಅಟ್ಟೆ ಅಲುಗದಂತೆ ಪಾದಕ್ಕೇ ಸೇರಿಸಿ ಕಟ್ಟತೊಡಗಿದಳು. ಸಾಕ್ಸ್ ಸೀಳಿದಾಗ ವಾಸನೆ ಬಂತು, ಬಾಗಿದ್ದವರು ಹಿಂದೆ ಸರಿದರು. ಹೆಬ್ಬೆರಳಿನ ಬುಡದಲ್ಲಿ ಕಪ್ಪಾದ ಹುಣ್ಣಿನ ಗುಳಿಯೊಂದಿತ್ತು. ಅದು ಇವತ್ತಿನದಲ್ಲ, ಮೊಳೆಯದೂ ಅಲ್ಲ. ಅವಳು ಬೈಯುತ್ತಾಳೆ ಎಂದು ಅವನು ಕಾದ. ಅವಳು ಬೈಯಲಿಲ್ಲ, ಅದರಿಂದ ಇನ್ನೂ ಭಯವಾಯಿತು.

ಪಿಕಪ್ಪಿನ ಹಿಂದೆ ಚಾಪೆ ಹಾಸಿ ಅವನನ್ನು ಮಲಗಿಸಿದರು. ಮೇಷ್ಟ್ರೇ ಓಡಿಸಲು ಕೂತರು, ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಹೊರಡುವ ಮೊದಲು ಸಮ್ಲಿ ಯಾರದೋ ಅಂಗಳದ ಪೊರಕೆಯಿಂದ ಗಟ್ಟಿಯಾದ ಕಡ್ಡಿಯೊಂದನ್ನು ಕಿತ್ತು ತಂದಳು. ಎಡಗಾಲಿನ ಶೂ, ಸಾಕ್ಸ್ ಬಿಚ್ಚಿದಳು.

"ಇದು ಚೆನ್ನಾಗೇ ಇದೆಯಲ್ಲ" ಎಂದ.

"ಕಣ್ಮುಚ್ಚಿ ಅಣ್ಣ. ಮುಟ್ಟಿದ ತಕ್ಷಣ ಹೇಳಿ."

ಕಣ್ಣು ಮುಚ್ಚಿದ. ಗಾಡಿಯ ಎಂಜಿನ್ನು ಗುರುಗುಟ್ಟಿತು. ಹೊರಗೆ ಒಂದೋ ಏಳೋ ಎಂಬ ವಾದ ಮೆಲ್ಲಗೆ ಮತ್ತೆ ಶುರುವಾಗಿತ್ತು. ಬುನ್‌ಮಾ ಉಸಿರು ಬಿಗಿಹಿಡಿದು ಕಾದ, ಒಂದು ಸ್ಪರ್ಶವನ್ನೂ ತಪ್ಪಿಸಿಕೊಳ್ಳಬಾರದು ಎಂದು ಮೈಯೆಲ್ಲ ಕಿವಿ ಮಾಡಿಕೊಂಡು ಕಾದ. ತುಂಬ ಹೊತ್ತಾಯಿತು.

"ಶುರು ಮಾಡು" ಎಂದ.

ಕಣ್ಣು ತೆರೆದ. ಕಡ್ಡಿ ಅವನ ಅಂಗಾಲಿಗೆ ಒತ್ತಿ ಬಿಲ್ಲಿನಂತೆ ಬಾಗಿತ್ತು. ಅಂಗಾಲಿನ ತುಂಬ ಒತ್ತಿದ ಗುರುತುಗಳು, ಏಳೋ ಎಂಟೋ.

ಸಮ್ಲಿ ಅವನ ಮುಖ ನೋಡದೆ ಕಡ್ಡಿಯನ್ನು ಹಿಮ್ಮಡಿಗೆ ತಂದಳು. ಅವನು ತಲೆಯಾಡಿಸಿದ. ಪಾದದ ಬದಿಗೆ ತಂದಳು. ಇಲ್ಲ. ಕಾಲ ಹರಡಿನ ಗಂಟಿನ ಮೇಲೆ ಎರಡು ಬೆರಳಿನಷ್ಟು ಏರಿದಾಗ ಅವನು ಅವಳ ಕೈಯನ್ನು ಗಬಕ್ಕನೆ ಹಿಡಿದುಕೊಂಡ.

"ಇಲ್ಲಿ" ಎಂದ. "ಇಲ್ಲಿಂದ ನಾನಿದೀನಿ."