ರಬ್ಬರಿನಲ್ಲಿ ಹೋಗುತ್ತಿದ್ದ ಕಾಯಿಲೆ

ಬೀದಿಯವರೆಲ್ಲ ಅವನನ್ನು ಫಾರ್ಮ್ಯಾಟ್ ಎಂದೇ ಕರೆಯುತ್ತಿದ್ದರು. ಹಳೆಯ ಕಂಪ್ಯೂಟರುಗಳ ರಿಪೇರಿ ಅಂಗಡಿ ಅವನದು. ಯಾವ ಕಾಯಿಲೆ ಹೇಳಿಕೊಂಡು ಹೋದರೂ ಅವನ ಮದ್ದು ಒಂದೇ: ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಮೌಸ್ ಓಡುತ್ತಿಲ್ಲವೆ, ಫಾರ್ಮ್ಯಾಟ್. ಪ್ರಿಂಟರ್ ಮುನಿಸಿಕೊಂಡಿದೆಯೆ, ಫಾರ್ಮ್ಯಾಟ್. ನೆಗಡಿಯಾದವನು ಹೋದರೂ ಫಾರ್ಮ್ಯಾಟ್ ಮಾಡಿಯೇ ಕಳಿಸುತ್ತಾನೆ ಎಂದು ಪಕ್ಕದ ಸೈಕಲ್ ಅಂಗಡಿಯವನು ಆಡಿಕೊಳ್ಳುತ್ತಿದ್ದ. ಇವನೂ ನಗುತ್ತಿದ್ದ. ಕೆಲಸ ಬೇಗ ಮುಗಿಯುತ್ತಿತ್ತು, ಗಿರಾಕಿಯ ಮುಖ ಅರಳುತ್ತಿತ್ತು, ಇನ್ನೇನು ಬೇಕು?

ಆದರೆ ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಗಿರಾಕಿಗಳ ವಿಷಯದಲ್ಲಿ ಅವನು ಒಂದು ನೇಮವನ್ನು ತಪ್ಪುತ್ತಿರಲಿಲ್ಲ. ಅಳಿಸುವ ಮೊದಲು ಡಿಸ್ಕನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿ, ಇದ್ದಬದ್ದದ್ದನ್ನೆಲ್ಲ ನಕಲು ಮಾಡಿ ಇಟ್ಟುಕೊಳ್ಳುತ್ತಿದ್ದ. "ನಂದೇನೂ ಇಲ್ಲ ಅದ್ರಲ್ಲಿ, ಅಳಿಸ್ಬಿಡಿ" ಎಂದು ಗಿರಾಕಿ ಆಣೆ ಮಾಡಿದರೂ ನಂಬುತ್ತಿರಲಿಲ್ಲ. ಹಾಗೆಂದವರೇ ಮಾರನೆಯ ದಿನ ಮಗುವಿನ ಫೋಟೊ ಎಲ್ಲಿ ಎಂದು ಬಂದು ಕೊರಳಪಟ್ಟಿ ಹಿಡಿಯುತ್ತಾರೆಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು.

ಅತ್ತಿಗೆ ಫೋನ್ ಮಾಡಿದ್ದು ಅಂಗಡಿ ತುಂಬಿದ್ದ ಒಂದು ಮಧ್ಯಾಹ್ನ. ಅಣ್ಣ ಗಂಟಲಿನ ಕಾಯಿಲೆಯಿಂದ ತೀರಿಕೊಂಡು ಒಂದು ವರ್ಷವಾಗುತ್ತ ಬಂದಿತ್ತು. ಅಷ್ಟು ದಿನಗಳಲ್ಲಿ ಅತ್ತಿಗೆ ಏನನ್ನೂ ಕೇಳಿದವರಲ್ಲ.

"ಕಂಪ್ಯೂಟರು ಇದ್ದಕ್ಕಿದ್ದಂಗೆ ನೀಲಿಗೆ ತಿರುಗಿ ನಿಂತುಬಿಡತ್ತೆ ಕಣೋ. ಮೇಲೆಲ್ಲಾ ಬಿಳಿ ಅಕ್ಷರ. ಬಿಡುವಾದಾಗ ಬಂದು ಸ್ವಲ್ಪ ನೋಡ್ತೀಯಾ?"

"ಈಗ್ಲೇ ಬರ್ತೀನಿ ಅತ್ತಿಗೆ" ಎಂದವನೇ ಹೊಸದಾಗಿ ಹಾಕುವ ಸಿ.ಡಿ.ಯನ್ನು ಜೇಬಿಗೆ ಹಾಕಿಕೊಂಡು ಹೊರಟ. ಊಟದ ಹೊತ್ತಿನಲ್ಲೇ ಮುಗಿಸಿಬಿಟ್ಟರಾಯಿತು ಎಂಬುದು ಅವನ ಲೆಕ್ಕ.

ಕಿಟಕಿಯ ಪಕ್ಕದ ಮೇಜಿನ ಮೇಲೆ ಅಣ್ಣನ ಆ ಹಳೆಯ ಕಂಪ್ಯೂಟರು ಒಗೆದ ಬಟ್ಟೆ ಹೊದ್ದು ಕುಳಿತಿತ್ತು. ಅಕ್ಕಪಕ್ಕದಲ್ಲಿ ಎರಡು ಸ್ಪೀಕರು. ಇವನು ಶುರು ಮಾಡಿದ. ಅರ್ಧಕ್ಕೆ ಬಂದು ನೀಲಿಯಾಯಿತು. ಮತ್ತೆ ಒತ್ತಿದ. ಈ ಸಲ ಮರಳುಗಡಿಯಾರದ ಗುರುತು ಬಂದು ಅಲ್ಲೇ ಗೂಟ ಹೊಡೆದುಕೊಂಡು ಕೂತಿತು. ಸೇಫ್ ಮೋಡಿನಲ್ಲಿ ಹೋಗಿ ನೋಡಬಹುದಿತ್ತು. ಹಿಂದೊಮ್ಮೆ ಸರಿಯಾಗಿದ್ದ ಸ್ಥಿತಿಗೆ ಮರಳಿಸಬಹುದಿತ್ತು. ಪೆಟ್ಟಿಗೆಯನ್ನಾದರೂ ಬಿಚ್ಚಿ ನೋಡಬಹುದಿತ್ತು. ಎಲ್ಲ ಗೊತ್ತಿದ್ದ ಮಹಾರಾಯನೇ ಅವನು, ಆದರೆ ಕೈ ಆಗಲೇ ಜೇಬಿನೊಳಗಿತ್ತು.

"ಮುಖ್ಯವಾದ್ದೇನಾದ್ರೂ ಇದೆಯಾ ಇದ್ರಲ್ಲಿ?"

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. "ಏನಿರತ್ತೆ, ನಾನೇನು ಆಫೀಸು ನಡೆಸ್ತೀನಾ? ಸಾಯಂಕಾಲ ಒಂದಿಷ್ಟು ಹೊತ್ತು ಹಾಕ್ಕೊಂಡು ಕೂತಿರ್ತೀನಿ, ಅಷ್ಟೇ."

ಹಾಡು ಕೇಳುತ್ತಾರೇನೋ, ಇಲ್ಲವೇ ಇಸ್ಪೀಟಾಟ, ಎಂದುಕೊಂಡ. ಏನು ಹಾಕಿಕೊಂಡು ಕೂರುತ್ತೀರಿ ಎಂದು ಕೇಳಲಿಲ್ಲ. ಅಂಗಡಿಯಲ್ಲಿ ಊರವರಿಗೆಲ್ಲ ಪಾಲಿಸುತ್ತಿದ್ದ ನೇಮವನ್ನು ಸ್ವಂತ ಮನೆಯವರಿಗೆ ಪಾಲಿಸಬೇಕೆಂದು ಅವನಿಗೆ ತೋಚಲಿಲ್ಲ. ನಮ್ಮದೇ ಮನೆ, ಇಲ್ಲಿ ಯಾರು ಕೊರಳಪಟ್ಟಿ ಹಿಡಿಯುತ್ತಾರೆ? ಸಿ.ಡಿ. ಹಾಕಿದ, ಅಳಿಸಲೇ ಎಂದು ಯಂತ್ರ ಕೇಳಿತು, ಅಳಿಸು ಎಂದ.

ಹೊಸದನ್ನು ಹಾಕುವಾಗ ಅರ್ಧದಲ್ಲಿ ಫೈಲೊಂದು ನಕಲಾಗಲಿಲ್ಲ ಎಂದು ನಿಂತಿತು. ಸಿ.ಡಿ.ಯನ್ನು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿದ. ಈಗ ಬೇರೊಂದು ಫೈಲಿನ ಹತ್ತಿರ ನಿಂತಿತು. ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆಂದರೆ ದೋಷ ಡಿಸ್ಕಿನದಲ್ಲ, ಸಿ.ಡಿ.ಯದಲ್ಲ, ಯಂತ್ರದ ನೆನಪಿನ ಪಟ್ಟಿಯಾದ ರ‍್ಯಾಮಿನದು. ಪೆಟ್ಟಿಗೆ ಬಿಚ್ಚಿದ. ಒಳಗೆ ಧೂಳು ಕಂಬಳಿ ಹಾಸಿದಂತೆ ಕೂತಿತ್ತು. ರ‍್ಯಾಮಿನ ಪಟ್ಟಿಯನ್ನು ಕಿತ್ತು, ಮೇಜಿನ ಮೇಲಿದ್ದ ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲುಗಳನ್ನು ನಾಲ್ಕು ಸಲ ಉಜ್ಜಿ, ಊದಿ, ಮತ್ತೆ ಕೂರಿಸಿದ. ಆಮೇಲೆ ಯಂತ್ರ ಒಂದು ಚೂರೂ ತಕರಾರು ಮಾಡಲಿಲ್ಲ.

ಓ, ಕಾಯಿಲೆ ಇಷ್ಟೇ ಆಗಿತ್ತೇ ಎಂದುಕೊಂಡ. ಅಳಿಸುವ ಅಗತ್ಯವೇ ಇರಲಿಲ್ಲ. ಹೋಗಲಿ, ಹೇಗೂ ಹೊಸದಾಯಿತಲ್ಲ ಎಂದು ತನಗೆ ತಾನೇ ಬೆನ್ನು ತಟ್ಟಿಕೊಂಡು ಅತ್ತಿಗೆಯನ್ನು ಕರೆದ.

ಅತ್ತಿಗೆ ಕುರ್ಚಿಯಲ್ಲಿ ಕೂತು ಪರದೆಯನ್ನು ನೋಡಿದರು. ಮೂಲೆಯಿಂದ ಮೂಲೆಗೆ ಕಣ್ಣು ಹಾಯಿಸಿದರು.

"ಚೆನ್ನಾಗಾಯ್ತು ಕಣೋ. ಅವರೆಲ್ಲಿ?"

"ಯಾರು ಅತ್ತಿಗೆ?"

"ನಿಮ್ಮಣ್ಣ. ಇಲ್ಲೇ ಬಲಗಡೆ ಇರ್ತಿದ್ರು, ಒತ್ತಿದ್ರೆ ಮಾತಾಡ್ತಿದ್ರು."

ಆಮೇಲೆ ಅತ್ತಿಗೆ ಬಿಡಿಸಿ ಹೇಳಿದರು.

ಆಪರೇಷನ್ ಆದರೆ ದನಿ ಹೋಗುತ್ತದೆಂದು ಡಾಕ್ಟರು ಹೇಳಿದ ಮೇಲೆ ಅಣ್ಣ ಮೈಕು ಹಿಡಿದು ಕೂತು, ಮನೆಯಲ್ಲಿ ದಿನಾ ಆಡುವ ಮಾತುಗಳನ್ನೆಲ್ಲ ತುಂಬಿಟ್ಟಿದ್ದನಂತೆ. ಕಾಫಿ ಆಯ್ತೇನೇ. ನನ್ನ ಕನ್ನಡಕ ಎಲ್ಲಿಟ್ಟೆ. ನಿಂಗೇನೂ ಗೊತ್ತಾಗಲ್ಲ ಬಿಡು. ಅತ್ತಿಗೆಯನ್ನು ಹೆಸರು ಹಿಡಿದು ಕರೆದದ್ದೂ ಇತ್ತು. ದನಿ ಹೋದ ಮೇಲೆ ಇದೇ ಕುರ್ಚಿಯಲ್ಲಿ ಕೂತು ಬೇಕಾದ ಮಾತನ್ನು ಒತ್ತುತ್ತಿದ್ದ, ಅತ್ತಿಗೆ ಅಡುಗೆಮನೆಯಿಂದ ಉತ್ತರ ಕೊಡುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಒತ್ತುವುದನ್ನೂ ಅವರೇ ಮಾಡುತ್ತಿದ್ದರು. ಇವನು ನೋಡಲು ಬಂದಾಗ ಮಾತ್ರ ಅಣ್ಣ ಚೀಟಿ ಬರೆದು ಮಾತಾಡುತ್ತಿದ್ದ. ಇದು ಗಂಡ ಹೆಂಡತಿಯ ನಡುವಿನದು, ಇವನಿಗೆ ಗೊತ್ತೇ ಇರಲಿಲ್ಲ.

"ಮೊದಲೇ ಹೇಳ್ಬಾರ್ದಿತ್ತಾ ಅತ್ತಿಗೆ?"

"ಹ್ಯಾಗೆ ಹೇಳ್ಲೋ? ಸತ್ತೋದ ಗಂಡನ ಜೊತೆ ದಿನಾ ಸಾಯಂಕಾಲ ಹರಟೆ ಹೊಡೀತೀನಿ ಅಂತ ಮೈದುನನ ಹತ್ರ ಹೇಳೋಕಾಗತ್ತಾ? ನಾಚಿಕೆ ಆಯ್ತು." ಅತ್ತಿಗೆ ಮೆಲ್ಲಗೆ ಸೇರಿಸಿದರು: "ಎಲ್ಲಾ ತೆಗೆದಿಟ್ಕೊಂಡೇ ಮುಟ್ಟೋದು ಅಂತ ನೀನೇ ಹೇಳ್ತಿದ್ಯಲ್ಲ. ನಮ್ಮನೇದೂ ಹಾಗೇ ಮಾಡ್ತೀಯ ಅಂದ್ಕೊಂಡೆ."

ಅವನು ಡಿಸ್ಕನ್ನು ಬಿಚ್ಚಿ ಎದೆಗವಚಿಕೊಂಡು ಅಂಗಡಿಗೆ ಓಡಿದ. ಬಾಗಿಲಿಗೆ ಬಂದ ಗಿರಾಕಿಗಳನ್ನೆಲ್ಲ ವಾಪಸು ಕಳಿಸಿದ. ಅಳಿಸಿಹೋದದ್ದನ್ನು ಹುಡುಕುವ ಪ್ರೋಗ್ರಾಮುಗಳು ಏನೇನಿವೆಯೋ ಎಲ್ಲವನ್ನೂ ಓಡಿಸಿದ. ಬರೀ ಅಳಿಸಿದ್ದರೆ ಸಿಗುತ್ತಿತ್ತು. ಅಳಿಸಿದ ಜಾಗದ ಮೇಲೇ ತಾನೇ ಹೊಸದನ್ನು ತಂದು ಸುರಿದಿದ್ದ. ಕೆಲವು ಫೈಲುಗಳ ಹೆಸರು ಸಿಕ್ಕಿತು, ಗಾತ್ರವೂ ಸರಿಯಾಗಿತ್ತು. ತೆರೆದರೆ ಸ್ಪೀಕರಿನಿಂದ ಬರೀ ಗರಗರ. ಆ ಗರಗರದೊಳಗೆ ಎಲ್ಲಾದರೂ ಅಣ್ಣ ಇದ್ದಾನೋ ಎಂದು ಸ್ಪೀಕರಿಗೆ ಕಿವಿ ಹಚ್ಚಿ ಕೂತ. ನಾಲ್ಕು ಸಲ ಉಜ್ಜಿದರೆ ಹೋಗುತ್ತಿದ್ದ ಕಾಯಿಲೆಗೆ ಅಣ್ಣನನ್ನು ಎರಡನೇ ಸಲ ಸಾಯಿಸಿದೆನಲ್ಲ ಎಂದುಕೊಂಡ.

ಮೂರನೆಯ ದಿನ ಹೋಗಿ ಹೇಳಿದ. "ಏನೂ ಸಿಗ್ಲಿಲ್ಲ ಅತ್ತಿಗೆ. ತಪ್ಪು ನಂದೇ."

ಅತ್ತಿಗೆ ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎದುರಿಗೆ ಕೂರಿಸಿಕೊಂಡು ಒಂದು ಮಾತು ಕೇಳಿದರು.

"ನಿಮ್ಮಣ್ಣ ನನ್ನನ್ನ ಹೆಸರು ಹಿಡಿದು ಕರೀತಿದ್ರಲ್ಲ, ಅದು ಹ್ಯಾಗಿತ್ತು ಹೇಳು. ನೀನು ಒಡಹುಟ್ಟಿದವನು, ಚಿಕ್ಕಂದಿನಿಂದ ಅವರ ದನಿ ಕೇಳಿದೀಯ. ದಿನಾ ಒತ್ತಿದ್ರೆ ಸಿಗ್ತಿತ್ತು ಅಂತ ನಾನು ನೆನಪಿಟ್ಕೊಳ್ಳೋಕೆ ಹೋಗ್ಲೇ ಇಲ್ಲ. ಈಗ ಎಷ್ಟು ಹುಡುಕಿದ್ರೂ ಬರ್ತಿಲ್ಲ. ನೀನೊಂದು ಸಲ ಅವರ ಥರ ಕರಿ, ನೋಡೋಣ."

ಅವನು ಕಣ್ಣು ಮುಚ್ಚಿದ. ಅಣ್ಣನ ಮುಖ ಬಂತು, ತುಟಿ ಅಲುಗಿದ್ದೂ ಕಂಡಿತು. ದನಿ ಬರಲಿಲ್ಲ.

"ನಂಗೂ ನೆನಪಾಗ್ತಿಲ್ಲ ಅತ್ತಿಗೆ" ಎಂದ.

ಆಗ ಅತ್ತಿಗೆ ಅತ್ತರು.